ಅಂಗಿಯ ಜೇಬಿನ ಬೆಲ್ಲ

ತಟ್ಟೆಯಲ್ಲಿ ಬೆಲ್ಲದ ತುಂಡು ಹಾಗೇ ಉಳಿದಿದೆ. ಲೋಟದ ನೀರು ಮಾತ್ರ ಖಾಲಿ. ಈಗಷ್ಟೇ ಎದ್ದು ಹೋದ ಹುಡುಗಿ ನಮ್ಮ ಹಳೆಯ ಶಾಲೆಯ ಸ್ಮರಣ ಸಂಚಿಕೆಯ ಸಂಪಾದಕಿ. ಅದಕ್ಕೆ ನನ್ನದೊಂದು ಲೇಖನ ಬೇಕಂತೆ. ಬರೆದು ಕೊಡುತ್ತೇನೆ ಎಂದೆ. ಅಷ್ಟಕ್ಕೇ ಹೋಗಿದ್ದರೆ ನನ್ನ ಸಂಜೆ ಎಂದಿನಂತೆ ಇರುತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ತಿರುಗಿದಳು.

"ಟೀಚರ್, ಮೊದಲ ಸಾಲಿನಲ್ಲೇ ಓದುವವರನ್ನು ಹಿಡಿದು ಕೂರಿಸಬೇಕು. ಬೇಕಾದರೆ ಏನಾದರೂ ಸ್ವಲ್ಪ ಸೇರಿಸಿ. ಎಲ್ಲ ನಡೆದದ್ದೇ ಆಗಬೇಕು ಅಂತ ಇಲ್ಲ."

ನಾನು ದಂಗಾಗಿ ನಿಂತೆ. ಗಂಟೆ ಬಾರಿಸುವ ಮೊದಲೇ ಶಾಲೆಯ ಅಂಗಳದಲ್ಲಿರುತ್ತಿದ್ದವಳು ನಾನು. ಇಂದಿಗೂ ಒಗೆದ ಬಟ್ಟೆಯನ್ನು ಉದ್ದದ ಪ್ರಕಾರ ಹಗ್ಗಕ್ಕೆ ಹಾಕುವವಳು. ನನ್ನ ಮನೆಯ ಬಾಗಿಲಲ್ಲೇ ನಿಂತು ಸುಳ್ಳು ಬರೆಯಿರಿ ಎನ್ನುವುದೇ! ಆದರೆ ನಾನು ಅಷ್ಟು ದಂಗಾದದ್ದು ಅವಳ ಮಾತಿಗಲ್ಲ ಎಂದು, ತಟ್ಟೆಯ ಬೆಲ್ಲ ಕಂಡಾಗ ತಿಳಿಯಿತು. ಇದೇ ಬೆಲ್ಲ ನನ್ನನ್ನು ಹಿಂದೊಮ್ಮೆ ಬೆಚ್ಚಿಬೀಳಿಸಿತ್ತು. ಆ ಕಥೆ ನಿಮಗೆ ಹೇಳಲೇಬೇಕು.

ಐವತ್ತರ ದಶಕದ ಕೊನೆಯ ಮಾತು. ಬಂಟ್ವಾಳಕ್ಕೂ ಮೂಡಬಿದ್ರೆಗೂ ನಡುವಿನ ಊರೊಂದರ ಶಾಲೆಯಲ್ಲಿ ನನಗೆ ಹೊಸ ಕೆಲಸ. ಅಪ್ಪಿಯಕ್ಕನ ಮನೆಯ ಒಂದು ಕೋಣೆಯಲ್ಲಿ ಬಿಡಾರ. ಆ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿ ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ತಡ್ಪೆ, ಅಂದರೆ ನಮ್ಮ ಮೊರ. ಅದರಲ್ಲಿ ಒದ್ದೆ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು. ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಕಿವಿಗೆಂದು ಪ್ರತಿ ಭಾನುವಾರ ಮಧ್ಯಾಹ್ನ ವಾರಪತ್ರಿಕೆ ಓದುವ ಕೆಲಸ ನನ್ನದಾಯಿತು. ಕನ್ನಡದಲ್ಲಿ ಒಂದು ವಾಕ್ಯ ಓದಿ, ಅದನ್ನೇ ತುಳುವಿನಲ್ಲಿ ಹೇಳಬೇಕು.

ನಾನು ಕ್ರಮದವಳು. ಮೊದಲ ಭಾನುವಾರ ಸಂಪಾದಕೀಯದಿಂದಲೇ ಶುರುಮಾಡಿದೆ. ಯಾವುದೋ ಯೋಜನೆ, ಅದರ ಗುರಿಗಳು. ಒಬ್ಬಳು ಎಲೆಗೆ ನೀರು ಚಿಮುಕಿಸಲು ಎದ್ದಳು, ಇನ್ನೊಬ್ಬಳಿಗೆ ಆಕಳಿಕೆ. ಅಪ್ಪಿಯಕ್ಕ ತಲೆಯೆತ್ತದೆ ಕೇಳಿದರು: "ಟೀಚರ್, ಆ ಯೋಜನೆಗೆ ಹೆಂಡತಿ ಮಕ್ಕಳು ಉಂಟಾ?"

"ಇಲ್ಲ."

"ಹಾಗಾದರೆ ಮುಂದಿನ ಪುಟಕ್ಕೆ ಹೋಗುವ."

ಸಂಪಾದಕೀಯವನ್ನು ಬಿಟ್ಟು ಓದುವುದೇ! ನನಗೆ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದಷ್ಟು ಆಘಾತವಾಯಿತು. ಆದರೂ ಪುಟ ತಿರುಗಿಸಿದೆ. ದಿನ ಕಳೆದಂತೆ ನಾನೇ ಕಲಿತೆ. ಬರಹ ಸಪ್ಪೆಯಾದರೆ ಬೀಡಿ ಬೇಗ ಬೇಗ ಆಗುತ್ತದೆ. ಬರಹ ಚೆನ್ನಾಗಿದ್ದರೆ ಕೈ ನಿಧಾನವಾಗುತ್ತದೆ. ಕೈ ಪೂರ್ತಿ ನಿಂತದ್ದನ್ನು ಮಾತ್ರ ನಾನು ಒಮ್ಮೆಯೇ ಕಂಡದ್ದು.

ಅವರಲ್ಲಿ ಸುಂದರಿ ಎಂಬವಳಿದ್ದಳು. ಅವಳ ಗಂಡ ಬೆಳ್ತಂಗಡಿ ಕಡೆಯವನು. ಮದುವೆಯಾದ ಮರುವರ್ಷವೇ ಬೊಂಬಾಯಿಯ ಹೋಟೆಲ್ ಕೆಲಸಕ್ಕೆಂದು ಹೋದವನು ಮತ್ತೆ ಮುಖ ತೋರಿಸಿರಲಿಲ್ಲ, ಸುದ್ದಿಯೂ ಇಲ್ಲ. ಹೀಗೆ ವರ್ಷಗಳೇ ಕಳೆದಿದ್ದವು. ಕಕ್ಕಿಂಜೆಯಲ್ಲಿ ಚಹಾದ ಅಂಗಡಿ ಇಟ್ಟಿದ್ದ ಒಬ್ಬ ವಿಧುರ ಅವಳನ್ನು ಮದುವೆಗೆ ಕೇಳಿಸಿದ್ದ, ಅವಳಿಗೂ ಮನಸ್ಸಿತ್ತು. ಅವರಲ್ಲಿ ಅಂಥ ಎರಡನೆಯ ಮದುವೆಗೆ ದಾರಿ ಇದೆ, ಆದರೆ ಜಾತಿಯ ಹಿರಿಯರಾದ ಗುರಿಕಾರರು ಒಪ್ಪಬೇಕು. ಅವರು ಒಪ್ಪಿರಲಿಲ್ಲ. "ಸತ್ತಿದ್ದಾನೆ ಅಂತ ಹೇಳುವವರಿಲ್ಲ, ಬಿಟ್ಟಿದ್ದಾನೆ ಅಂತ ಹೇಳುವವರೂ ಇಲ್ಲ. ಯಾವುದಾದರೊಂದು ಗೊತ್ತಾಗಲಿ, ನೋಡುವ," ಎಂಬುದೇ ಅವರ ಮಾತು. ಅದೇ ಉತ್ತರವನ್ನು ಎರಡು ಸಲ ಕೈಗಿಟ್ಟು ಕಳಿಸಿದ್ದರು.

ಒಂದು ಭಾನುವಾರ ಬೊಂಬಾಯಿಯ ಹೋಟೆಲುಗಳ ಬಗ್ಗೆ ಲೇಖನವಿತ್ತು. ಅದರಲ್ಲಿ ದೋಸೆ ಹೊಯ್ಯುವ ಒಬ್ಬ, ಬೆಳ್ತಂಗಡಿ ಕಡೆಯವನು. ಹೆಸರು ಕೊಟ್ಟಿರಲಿಲ್ಲ. ಅಲ್ಲೇ ಒಬ್ಬಳೊಂದಿಗೆ ಸಂಸಾರ, ಎರಡು ಮಕ್ಕಳು. ಊರಲ್ಲಿರುವ ಹೆಂಡತಿಯ ಮಾತೆತ್ತಿದರೆ ಅವನು ಅಂಗಿಯ ಜೇಬಿನಿಂದ ಬೆಲ್ಲದ ಚೂರು ತೆಗೆದು ಬಾಯಿಗಿಟ್ಟು, ನೀರು ಕುಡಿದು ಸುಮ್ಮನಾಗುತ್ತಾನಂತೆ.

ಅದನ್ನು ತುಳುವಿನಲ್ಲಿ ಹೇಳಿ ತಲೆಯೆತ್ತಿದೆ. ಜಗಲಿಯಲ್ಲಿ ಒಂದು ಕೈಯೂ ಆಡುತ್ತಿರಲಿಲ್ಲ.

"ಆ ಬೆಲ್ಲದ್ದು ಇನ್ನೊಮ್ಮೆ ಓದಿ ಟೀಚರ್," ಎಂದಳು ಸುಂದರಿ. ಓದಿದೆ.

"ಅದು ನಮ್ಮವರೇ. ಅವರ ಅಂಗಿ ಒಗೆಯುವಾಗ ಜೇಬಿನ ಇರುವೆ ಎಷ್ಟು ಸಲ ನನ್ನ ಕೈ ಕಚ್ಚಿಲ್ಲ!"

ಅಪ್ಪಿಯಕ್ಕ ತಡ್ಪೆ ಕೆಳಗಿಟ್ಟು ಎದ್ದರು. "ಏಳಿ. ಗುರಿಕಾರರಲ್ಲಿಗೆ ಹೋಗುವ."

ಗುರಿಕಾರರ ಚಾವಡಿಯಲ್ಲಿ ನಾನು ಮತ್ತೆ ಓದಿದೆ. ಅವರು ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರು: "ಬೆಲ್ಲ ಅಂತ ಅಚ್ಚಾಗಿಯೇ ಉಂಟಾ?" ಉಂಟು ಎಂದೆ. ಸುಂದರಿ ಇರುವೆಗಳ ವಿಷಯ ಹೇಳಿದಳು. ಕೆಂಪು ಇರುವೆ, ಹೊಲಿಗೆಯ ಸಂದಿನಲ್ಲಿ ಕೂತಿರುತ್ತಿತ್ತು ಎಂದಳು. ಗುರಿಕಾರರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. "ಅಚ್ಚಿನಲ್ಲಿ ಬಂದ ಮೇಲೆ ಇನ್ನೇನು? ಅವನು ಬಿಟ್ಟ. ನೀನೂ ಬಿಡು ಮಗಳೇ."

ಸುಂದರಿ ಮದುವೆಯಾಗಿ ಕಕ್ಕಿಂಜೆಗೆ ಹೋದಳು. ನನಗೆ ಪತ್ರಿಕೆಯ ಮೇಲೆ ಭಕ್ತಿಯೇ ಬಂದುಬಿಟ್ಟಿತ್ತು.

ಮರುವರ್ಷ ಮೂಡಬಿದ್ರೆಯ ಒಂದು ಸಭೆಗೆ ಆ ಲೇಖನ ಬರೆದವರೇ ಭಾಷಣಕ್ಕೆ ಬಂದರು. ಭಾಷಣ ಮುಗಿದ ಮೇಲೆ ಹತ್ತಿರ ಹೋಗಿ, ಬೆಲ್ಲದ ಆ ಮನುಷ್ಯ ಈಗ ಹೇಗಿದ್ದಾನೆ ಎಂದು ಕೇಳಿದೆ. ಅವರು ಸಂತೋಷದಿಂದ ನಕ್ಕರು.

"ಅದು ನಿಮಗೆ ನೆನಪುಂಟಾ! ಅಂಥವನು ಇಲ್ಲ ಅಮ್ಮ. ಮೂರು ನಾಲ್ಕು ಜನರನ್ನು ಕಂಡಿದ್ದೆ, ಎಲ್ಲರನ್ನೂ ಸೇರಿಸಿ ಒಬ್ಬನನ್ನು ಮಾಡಿದೆ. ಊರು ಮರೆಯದವನು ಅಂತ ತೋರಿಸಲಿಕ್ಕೆ ಏನಾದರೂ ಬೇಕಿತ್ತು. ಬೆಲ್ಲ ಹಾಕಿದೆ. ಓದುವವರಿಗೆ ಹಿಡಿಸಿತು."

ಇಲ್ಲದ ಮನುಷ್ಯನನ್ನು ನಂಬಿ ಇರುವ ಹೆಂಗಸೊಬ್ಬಳು ಇನ್ನೊಂದು ಮನೆ ಸೇರಿದ್ದಾಳೆ. ನಾಳೆ ಅವಳ ಗಂಡ ಬಂದು ಬಾಗಿಲಲ್ಲಿ ನಿಂತರೆ? ಆ ವಾರ ಪಾಠ ಹೇಗೆ ಮಾಡಿದೆನೋ ತಿಳಿಯದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಕಕ್ಕಿಂಜೆಯ ಮೇಲೆ ಹೋಗುವ ಚಾರ್ಮಾಡಿಯ ಬಸ್ಸು ಹತ್ತಿದೆ.

ಚಹಾದಂಗಡಿಯ ಹಿಂದೆಯೇ ಮನೆ. ಸುಂದರಿ ಮೈಕೈ ತುಂಬಿಕೊಂಡಿದ್ದಳು. ಮಣೆ ಹಾಕಿ ಬೆಲ್ಲ ನೀರು ತಂದಿಟ್ಟಳು. ಅದನ್ನು ಮುಟ್ಟುವ ಧೈರ್ಯವಾಗದೆ, ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಅಂಗಡಿಯ ಕಡೆ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿ, ನನ್ನೆದುರು ಕುಳಿತಳು.

"ಇದಕ್ಕಾಗಿ ಇಲ್ಲಿವರೆಗೆ ಬಂದಿರಾ ಮಾರಾಯ್ರೆ? ಅವರು ಬೆಲ್ಲ ತಿನ್ನುತ್ತಲೇ ಇರಲಿಲ್ಲ. ಪಾಯಸ ಕೂಡ ಮುಟ್ಟುತ್ತಿರಲಿಲ್ಲ."

ನಾನು ಕೇಳಿದೆ: "ಮತ್ತೆ ಇರುವೆ?"

"ಇರುವೆ ಇಲ್ಲದಿದ್ದರೆ ಗುರಿಕಾರರು ನಂಬುತ್ತಿದ್ದರಾ?"

ಅವಳು ನಗುತ್ತಿದ್ದಳು ಎಂದುಕೊಂಡೆ. ಕಣ್ಣು ನೋಡಿದರೆ ನಗು ಇರಲಿಲ್ಲ. "ಅವರು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು ಟೀಚರ್. ಹೋಗುವ ದಿನ ಮುಖಕ್ಕೇ ಹೇಳಿ ಹೋಗಿದ್ದರು. ಅದನ್ನು ನಾನು ಗುರಿಕಾರರ ಚಾವಡಿಯಲ್ಲಿ ಎರಡು ಸಲ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಆ ದಿನ ನೀವು ಬೆಲ್ಲದ್ದು ಓದಿದಾಗ ಎಲ್ಲರ ಕೈ ನಿಂತಿತಲ್ಲ? ಈಗ ಹೇಳಿದರೆ ಕೇಳ್ತಾರೆ ಅಂತ ಕಂಡಿತು. ಹೇಳಿದೆ."

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೇಟು ತೆಗೆಯಲೂ ಮರೆತು, ಕಂಡಕ್ಟರನಿಂದ ಬೈಸಿಕೊಂಡೆ.

ಸುಂದರಿ ಕಕ್ಕಿಂಜೆಯಲ್ಲೇ ಮೊಮ್ಮಕ್ಕಳನ್ನು ಆಡಿಸಿ ಹೋದಳು. ಬೊಂಬಾಯಿಯವನು ಬರಲೇ ಇಲ್ಲ. ಗುರಿಕಾರರಾಗಲಿ ಅಪ್ಪಿಯಕ್ಕನಾಗಲಿ ಈಗ ಇಲ್ಲ; ನಾನು ಈ ಮಾತನ್ನು ಹೇಳಿದರೆ ಮೋಸಹೋದೆವೆಂದು ನೋಯುವವರು ಉಳಿದಿಲ್ಲ. ಅಷ್ಟು ವರ್ಷ ಮಕ್ಕಳಿಗೆ ಪ್ರಬಂಧ ಬರೆಸಿದವಳು ನಾನು. ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ, ಓದುಗರನ್ನು ಹಿಡಿಯುವುದು ಬರೆಯುವವನ ಕೆಲಸ ಎನ್ನುತ್ತಿದ್ದೆ. ಬೀಡಿಯ ಎಲೆ ಕತ್ತರಿಸುತ್ತಾ ಕುಳಿತ ಒಬ್ಬಳು ಬರಹವನ್ನೇ ಹಿಡಿದು, ತನಗೆ ಬೇಕಾದಲ್ಲಿಗೆ ನಡೆಸಿಕೊಂಡು ಹೋದದ್ದು ನನಗೆ ಇಂದಿಗೂ ಅರಗಿಲ್ಲ.

ತಟ್ಟೆಗೆ ಇರುವೆ ಬಂದಿದೆ. ಊಟದ ಹೊತ್ತಿನ ಮೊದಲು ಏನನ್ನೂ ಬಾಯಿಗೆ ಹಾಕುವ ಪದ್ಧತಿ ನನ್ನದಲ್ಲ. ಆದರೂ ಇರುವೆಗಳನ್ನು ಊದಿ, ಬೆಲ್ಲದ ಮೂಲೆಯನ್ನು ಮುರಿದು ಬಾಯಿಗಿಟ್ಟೆ. ಆ ಹುಡುಗಿ ಕೇಳಿದ ಲೇಖನಕ್ಕೆ ಹಾಳೆ ತೆಗೆದೆ. ಸೇರಿಸುವುದಕ್ಕೆ ಏನೂ ಬೇಕಾಗಲಿಲ್ಲ. ಮೊದಲ ಸಾಲನ್ನು ನಡೆದದ್ದೇ ನಡೆದಂತೆ ಬರೆದೆ:

"ಸುಂದರಿಯ ಗಂಡ ಬೆಲ್ಲ ತಿನ್ನುತ್ತಲೇ ಇರಲಿಲ್ಲ."