ನನ್ನ ತಮ್ಮ ತಿನ್ನದ ತಂಬಾಕು

ನಮ್ಮ ಅಪ್ಪ ಬಾಯಿಯ ಕ್ಯಾನ್ಸರಿನಿಂದ ಸತ್ತಾಗ ತಮ್ಮ ಇನ್ನೂ ಕನ್ನಡ ಸಾಲೆಯಲ್ಲಿದ್ದ. ನೇಸರಗಿಯ ಮನೆಯಲ್ಲಿ ಊಟವಾದ ಮೇಲೆ ಅಪ್ಪ ಎಲೆಗೆ ಸುಣ್ಣ ಸವರಿ, ತಂಬಾಕು ತಿಕ್ಕಿ, ಎಡ ದವಡೆಗೆ ಒತ್ತರಿಸಿಕೊಂಡು ಹೊಲದ ಮಾತು ತೆಗೆಯುತ್ತಿದ್ದರು. ಅದೇ ದವಡೆ ಕೊಳೆಯಿತು. ಕೊನೆಕೊನೆಗೆ ಕೆನ್ನೆಯಲ್ಲಿ ತೂತು ಬಿದ್ದು, ಕುಡಿಸಿದ ಗಂಜಿ ಹೊರಗೆ ಹರಿಯುತ್ತಿತ್ತು. ಅವ್ವ ಕುಡಿಸುವಳು, ನಾನು ಒರೆಸುವೆ, ತಮ್ಮ ಗಂಜಿಯ ಬಟ್ಟಲು ಹಿಡಿದು ಕೂತಿರುತ್ತಿದ್ದ.

ಅಂದಿನಿಂದ ತಂಬಾಕಿನ ವಾಸನೆ ಬಂದರೆ ಅವನು ಅಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡವನಾಗಿ ಬಸ್ ಕಂಡಕ್ಟರ್ ಆದ. ನನ್ನನ್ನು ಕೊಟ್ಟದ್ದು ಬೈಲಹೊಂಗಲಕ್ಕೆ. ಅವನೂ ಮದುವೆಯಾಗಿ ಅಲ್ಲೇ ಪಕ್ಕದ ಓಣಿಯಲ್ಲಿ ಮನೆ ಮಾಡಿದ. ಸವದತ್ತಿ, ರಾಮದುರ್ಗದ ಕಡೆಯ ಬಸ್ಸುಗಳಲ್ಲಿ ಅವನ ಡ್ಯೂಟಿ. ಕಿಟಕಿಯಿಂದ ಗುಟಖಾ ಉಗುಳುವವರ ಜೊತೆ ನಿತ್ಯ ಜಗಳ. "ಯಜಮಾನ್ರ, ಇದು ಬಸ್ಸೈತಿ, ಪೀಕದಾನಿ ಅಲ್ಲ" ಎಂದು ಅವನು ಗದರುವುದನ್ನು ನಾನೇ ಎಷ್ಟೋ ಸಲ ಕೇಳಿ ನಕ್ಕಿದ್ದೇನೆ.

ಒಂದು ಮುಂಜಾನೆ ದಾಡಿ ಮಾಡಿಕೊಳ್ಳುವಾಗ ಅವನಿಗೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ. ಹಲ್ಲಿನದಿರಬಹುದೆಂದು ಗುಳಿಗೆ ನುಂಗುತ್ತ ದಿನ ದೂಡಿದ. ಗಂಟು ಕರಗಲಿಲ್ಲ. ಇಲ್ಲಿಯ ಡಾಕ್ಟರು ಬೆಳಗಾವಿಗೆ ಕಳಿಸಿದರು. ಅವನ ಹೆಂಡತಿ ಆಗ ತವರೂರು ಸಾಲಹಳ್ಳಿಯಲ್ಲಿದ್ದಳು. ಅವಳ ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದರು. ಹಾಗಾಗಿ ಅವನ ಜೊತೆ ನಾನೇ ಹೋದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಅದು. ಗುಟಖಾ ತಿಂತೀರೇನು? ಬೀಡಿ? ಕುಡಿಯೋದು? ತಮ್ಮ ಇಲ್ಲ ಎಂದ. "ಮೊದಲರೆ ತಿಂತಿದ್ರೇನು?" ಎಂದು ಮತ್ತೆ ಕೇಳಿದರು. "ನಮ್ಮಪ್ಪ ತಿಂತಿದ್ರು. ನಾ ಮುಟ್ಟಿಲ್ರಿ" ಎಂದ ಅವನ ದನಿ ಏರಿತ್ತು. ಗಂಟಿನ ಮೂಲ ನಾಲಿಗೆಯ ಬುಡದಲ್ಲಿದೆ, ಕ್ಯಾನ್ಸರೇ ಇರಬೇಕು ಎಂದು ಅಲ್ಲಿಂದ ಚೂರು ತೆಗೆದು ತಪಾಸಣೆಗೆ ಕಳಿಸಿದರು.

ಊರಲ್ಲಿ ಸುದ್ದಿ ಹಬ್ಬಲು ತಡವಾಗಲಿಲ್ಲ. ಡಿಪೋದ ಗೆಳೆಯನೊಬ್ಬ ಬಾಳೆಹಣ್ಣು ಹಿಡಿದು ನೋಡಲು ಬಂದವನು, ಹೋಗುವಾಗ ಹೆಗಲ ಮೇಲೆ ಕೈಯಿಟ್ಟು, "ಈಗರೆ ಬಿಟ್ಟುಬಿಡಪಾ ದೋಸ್ತ" ಎಂದ. ಪ್ರೀತಿಯಿಂದಲೇ ಹೇಳಿದ್ದ. ಅವನು ಹೋದ ಮೇಲೆ ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ. ರೋಗದ ಹೆಸರು ಕೇಳಿದಾಗಲೂ ಅವನು ಅಷ್ಟು ಕುಗ್ಗಿರಲಿಲ್ಲ.

ಎರಡನೆಯ ಸಲ ಬೆಳಗಾವಿಗೆ ಹೋದಾಗ ಅಲ್ಲಿಯ ಡಾಕ್ಟರ್ ಹೆಣ್ಣುಮಗಳು ಸಂಶೋಧನೆಗೆಂದು ಸ್ವಲ್ಪ ರಕ್ತ ಕೇಳಿದರು. ಬಾಯಿ, ಗಂಟಲಿನ ಕ್ಯಾನ್ಸರ್ ಬರುವ ಮುಂಚೆಯೇ ರಕ್ತದಲ್ಲಿ ಏನಾದರೂ ಗುರುತು ಕಾಣುತ್ತದೆಯೇ ಎಂದು ಅವರು ಹುಡುಕುತ್ತಿದ್ದರಂತೆ. ತಮ್ಮ ಕೂಡಲೇ ತೋಳು ಚಾಚಿದ.

"ಮೇಡಂ, ನಾ ತಂಬಾಕ ತಿಂದಿಲ್ಲ ಅನ್ನೂದು ಈ ರಕ್ತದಾಗ ಕಾಣತೈತೇನ್ರಿ? ಕಂಡರ ಒಂದು ಕಾಗದದ ಮ್ಯಾಲ ಬರದು ಕೊಡ್ರಿ."

ಅವರು ಸೂಜಿ ಹಿಡಿದಿದ್ದ ಕೈ ತಡೆದರು. "ತಿಂದೋರ ರಕ್ತದಾಗ ಅದರ ಅಂಶ ಇರತದರಿ. ಆದ್ರ ಬಿಟ್ಟ ಕೆಲವು ದಿನದಾಗ ಹೋಗಿಬಿಡತದ. ಈ ವಾರದ್ದು ಹೇಳಬಹುದು, ಇಡೀ ಜನ್ಮದ್ದು ಹೇಳಾಕ ಬರೂದಿಲ್ಲ."

ಅವನು ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ತಗೋರಿ, ಮತ್ತೊಬ್ಬರಿಗರೆ ಉಪಯೋಗ ಆಗಲಿ" ಎಂದ.

ಚೂರಿನ ವರದಿ ಬಂತು. ತಂಬಾಕಿನಿಂದಲ್ಲ, ಒಂದು ವೈರಸ್ಸಿನಿಂದ ಬಂದದ್ದಂತೆ. ತಮ್ಮನ ಮುಖ ಅರಳಿತು. "ನೋಡಕ್ಕಾ, ನಾ ಹೇಳಿದ್ನೋ ಇಲ್ಲೋ!" ಎಂದು ನನ್ನ ಕಡೆ ತಿರುಗಿದ. ಆಮೇಲೆ, ಅದು ಹೇಗೆ ಬರುತ್ತದೆ ಎಂದು ಕೇಳಿದ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಗಂಡು ಹೆಣ್ಣಿನ ಸಂಬಂಧದಲ್ಲಿ ಮೈಯಿಂದ ಮೈಗೆ ದಾಟುವ ವೈರಸ್ ಅದು. ಬಹಳ ಜನರಿಗೆ ಗೊತ್ತಿಲ್ಲದೆ ಬಂದು ಹೋಗುತ್ತದೆ, ಕೆಲವರಲ್ಲಿ ಮಾತ್ರ ಉಳಿದು ವರ್ಷಗಟ್ಟಲೆ ಸುಮ್ಮನಿದ್ದು ಹೀಗಾಗುತ್ತದೆ ಎಂದರು. "ಯಾರಿಂದ ಬಂತು, ಯಾವಾಗ ಬಂತು ಅಂತ ಯಾರೂ ಹೇಳಾಕ ಆಗೂದಿಲ್ಲ. ಯಾರದೂ ತಪ್ಪಲ್ಲರಿ. ಮತ್ತ ಈ ನಮೂನಿದು ಔಷಧಕ್ಕ ಛಲೋ ಬಗ್ಗತದ, ಧೈರ್ಯ ಇಟಗೋರಿ."

ಬಸ್ ಸ್ಟ್ಯಾಂಡಿಗೆ ಬಂದು ಬೆಂಚಿನ ಮೇಲೆ ಕೂತೆವು. ನಮ್ಮ ಬಸ್ಸು ಬಂದು ಹೋಯಿತು, ಅವನು ಏಳಲಿಲ್ಲ.

"ಅಕ್ಕಾ, ಇದು ಹೊರಗ ಬಿದ್ದರ ಮಂದಿ ನನ್ನ ಬಿಟ್ಟು ಹೆಂಡತಿ ಮ್ಯಾಲ ಹೋಗತಾರ. ತಂಬಾಕಂದರ ನನಗ ಬೈದು ಸುಮ್ಮನಾಗತಾರ."

"ಮಂದಿಗಿ ಬ್ಯಾಡೋ. ಹೆಂಡತಿಗಷ್ಟ ಹೇಳು."

"ಅಕಿಗೇ ಹೇಳಬಾರದು. ನನ್ನಿಂದ ಬಂತೇನೋ ಅಂತ ಕೊರಗತಾಳ. ನೀನೂ ಹೇಳಬ್ಯಾಡ. ನಾ ಇರೂತನಕ ಹೇಳಬ್ಯಾಡ."

ನಾನು ಹೂಂ ಎಂದೆ. ಆ ಮುಖ ನೋಡಿ ಬೇರೇನು ಹೇಳಲಿ?

ಅವಳು ಸಾಲಹಳ್ಳಿಯಿಂದ ಬಂದ ದಿನ ನಾನೂ ಅವರ ಮನೆಯಲ್ಲಿದ್ದೆ. ಚೀಲ ಕೆಳಗಿಟ್ಟು ಅವನ ಎದುರು ಕೂತಳು. "ಡ್ಯೂಟಿ ಮ್ಯಾಲ ಇದ್ದಾಗ ತಂಬಾಕ ತಿಂತಿದ್ನಿ. ನಿನಗ ಹೇಳಿರಲಿಲ್ಲ" ಎಂದ. ಬಸ್ಸಿನಲ್ಲಿ ಉಗುಳುವವರನ್ನು ಅಷ್ಟು ಗದರುತ್ತಿದ್ದವನ ಬಾಯಲ್ಲಿ ಆ ಮಾತು! ಅವಳು ಒಂದೇ ಮಾತು ಕೇಳಿದಳು.

"ನಿಮ್ಮಪ್ಪನ್ನ ನೋಡಿ ಸೈತ?"

ಅವನು ತಲೆ ತಗ್ಗಿಸಿದ. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಕರೆಂಟ್ ಕೊಡುವ ಚಿಕಿತ್ಸೆ, ಅಂದರೆ ರೇಡಿಯೇಶನ್, ಶುರುವಾಯಿತು. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಯಿತು, ಬಾಯಿ ಒಣಗಿತು, ರೊಟ್ಟಿ ಇಳಿಯದಾಯಿತು. ಅವಳು ಅನ್ನ ಬೇಳೆ ನುಣ್ಣಗೆ ರುಬ್ಬಿ ಕುಡಿಸುತ್ತಿದ್ದಳು. ಸೇವೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಮೊದಲಿನ ಹಾಗೆ ಅವನ ಜೊತೆ ಕೂತು ಹರಟುತ್ತಿರಲಿಲ್ಲ. ಬಟ್ಟಲು ಮುಂದಿಟ್ಟು ಎದ್ದು ಹೋಗುತ್ತಿದ್ದಳು. ಅವನು ಅವಳ ಬೆನ್ನನ್ನೇ ನೋಡುತ್ತಿದ್ದ. ಗಂಟು ಕರಗಿತು. ಡಾಕ್ಟರು ಸಂತೋಷಪಟ್ಟರು. ಮತ್ತೆ ಡ್ಯೂಟಿಗೂ ಹೋದ, ಆದರೆ ಮೊದಲಿನ ದನಿ ಇರಲಿಲ್ಲ. ಉಗುಳುವವರನ್ನು ಕಂಡರೂ ಸುಮ್ಮನಿರುತ್ತಿದ್ದನಂತೆ. ಮುಂದಿನ ವರ್ಷ ಕೆಮ್ಮು ಶುರುವಾಯಿತು. ರೋಗ ಪುಪ್ಪುಸಕ್ಕೆ ಇಳಿದಿತ್ತು. ಎಲ್ಲರ ಗಂಟೂ ಅಷ್ಟು ಛಲೋ ಬಗ್ಗುವುದಿಲ್ಲ. ಬೇಸಿಗೆ ಮುಗಿಯುವ ಮುಂಚೆ ಅವನು ಹೋದ.

ಕೆಲವು ತಿಂಗಳ ಮೇಲೆ ಅವಳ ಮನೆಗೆ ಹೋಗಿದ್ದೆ. ಅವನ ಖಾಕಿ ಅಂಗಿಗಳನ್ನು ಯಾರಿಗಾದರೂ ಕೊಡಲೆಂದು ಮಡಚುತ್ತಿದ್ದಳು. ಒಮ್ಮೆಲೇ ಅಂಗಿಯನ್ನು ನೆಲಕ್ಕೆ ಕುಕ್ಕಿ, "ಒಂದು ಮಾತು ಮೊದಲ ಹೇಳಿದ್ದರ ಕಾಲಿಗಿ ಬಿದ್ದಾದರೂ ಬಿಡಸ್ತಿದ್ನಿ ಅಕ್ಕಾರ. ತಿಂದು ತಿಂದು ಸತ್ತರು" ಎಂದಳು.

ಇದ್ದಷ್ಟು ದಿನ ಹೇಳಬೇಡ ಎಂದಿದ್ದ. ಈಗ ಅವನಿರಲಿಲ್ಲ. "ಅವ ತಿಂದಿರಲಿಲ್ಲ ಯವ್ವಾ" ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಹೆದರಿದ್ದ ಪ್ರಶ್ನೆಯನ್ನೇ ಅವಳು ಮೊದಲು ಕೇಳಿದಳು: "ನನ್ನಿಂದ ಬಂತೇನ್ರಿ?" ಯಾರೂ ಹೇಳಲಾರರು, ಯಾರದೂ ತಪ್ಪಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

ಕುಕ್ಕಿದ ಅಂಗಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅಂದಳು: "ಗಂಜಿ ಕುಡಸೂವಾಗ ಸೈತ ಸಿಟ್ಟಿನಾಗ ಇರ್ತಿದ್ನಿ. ಒಮ್ಮಿ ಕೈ ಹಿಡದರು, ಬಿಡಿಸ್ಕೊಂಡ್ನಿ. ಆ ಸಿಟ್ಟು ಈಗ ಎಲ್ಲಿ ಒಯ್ದು ಇಡ್ಲಿ ಅಕ್ಕಾರ?"

 ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ. ಇಬ್ಬರೂ ಅತ್ತೆವು.