ಗುಡಾಣದ ದುಂ

ನಮ್ಮ ಕೊಳ್ಳೇಗಾಲದಲ್ಲಿ ತೊಂಬತ್ತರ ದಶಕದ ಹೊತ್ತಿಗೆ ಹಾಡು ಕಿವಿಗೆ ಕೇಳಿದರೆ ಸಾಲದಾಗಿತ್ತು. ಪಕ್ಕದ ಮನೆಯ ಲೋಟ ಅಲುಗಬೇಕಿತ್ತು. ಹಾಡಿನ ಮಾತು ಯಾರಿಗೂ ಬೇಡ. ಬೇಕಾದದ್ದು 'ದುಂ'. ಆ ದಪ್ಪ ದನಿಗೆಂದೇ ಹುಟ್ಟಿದ ಸ್ಪೀಕರು ವೂಫರ್.

ಪಕ್ಕದ ಮನೆಯ ರೇಷ್ಮೆ ವ್ಯಾಪಾರಿ ನಂಜಪ್ಪನವರು ವೂಫರ್ ತಂದ ದಿನ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳೆಲ್ಲ ಗಲಗಲ ಎಂದವು. ಜೊತೆಗೆ ನನ್ನ ಮರ್ಯಾದೆಯೂ ಅಲ್ಲಾಡಿತು. ನಾನೂ ಮೈಸೂರಿಗೆ ಹೋಗಿ ಊಟದ ತಟ್ಟೆಯಷ್ಟಗಲದ ವೂಫರ್ ತಂದೆ. ಆದರೆ ಅದನ್ನು ಕೂರಿಸಲು ಪೆಟ್ಟಿಗೆ ಬೇಕಲ್ಲ! ಈ ವಿಷಯದಲ್ಲಿ ಊರೇ ಎರಡು ಪಕ್ಷ. ಸುತ್ತ ಮುಚ್ಚಿದ ಪೆಟ್ಟಿಗೆಯಲ್ಲಿ ದನಿ ಬಿಗಿ ಎನ್ನುವವರು ಕೆಲವರು, ಒಂದು ತೂತು ಕೊರೆದರೇ ಜೋರು ಎನ್ನುವವರು ಕೆಲವರು. ದೇವರು ಸಾಕಾರನೋ ನಿರಾಕಾರನೋ ಎಂದು ವಾದಿಸಿದ ಪಂಡಿತರೂ ಇಷ್ಟು ಬೆವರು ಸುರಿಸಿರಲಾರರು.

ಹನೂರಿನಲ್ಲಿ ಟೆಂಪೋ ಓಡಿಸುತ್ತಿದ್ದ ನನ್ನ ಬಾಮೈದ ಎರಡೂ ಪಕ್ಷವನ್ನು ತಳ್ಳಿಹಾಕಿದ. "ಪೆಟ್ಗೆ ಯಾಕ ಬಾವ? ರಾಗಿ ಗುಡಾಣದ ಬಾಯ್ಗೆ ಕವುಚಿ ಮಡಗಿ. ನಮ್ಮೂರ ಟೀ ಅಂಗ್ಡೀಲಿ ಅಂಗೇಯ ಮಡಗವ್ರೆ."

ಆ ದೊಡ್ಡ ಮಣ್ಣಿನ ಗುಡಾಣ ನನ್ನ ಹೆಂಡತಿಗೆ ತವರಿನಿಂದ ಬಂದದ್ದು. ಅದನ್ನು ಕೊಟ್ಟ ಅತ್ತೆ ಜ್ವರವೆಂದು ಯಳಂದೂರಿನಿಂದ ಬಂದು ನಮ್ಮಲ್ಲೇ ಮಲಗಿದ್ದರು. "ರಾಗಿ ಮಡಗೋ ಗುಡಾಣ ಕನಪ್ಪ ಅದು" ಎಂದು ಮಲಗಿದ್ದಲ್ಲಿಂದಲೇ ಗೊಣಗಿದರು. ನಾನು ರಾಗಿಯನ್ನು ಗೋಣಿಚೀಲಕ್ಕೆ ಸುರಿದೆ.

ದನಿ ಬಂತು ನೋಡಿ, ನೆಲವೇ ನಡುಗಿತು! ಗುಡಾಣಕ್ಕೆ ಗೊತ್ತಿದ್ದುದು ಒಂದೇ ಸ್ವರ ಎನ್ನುವುದು ಬೇರೆ ಮಾತು. ಭಕ್ತಿಗೀತೆ, ಡಿಸ್ಕೊ, ಸೋಬಾನೆ, ಏನು ಹಾಕಿದರೂ ದುಂ, ದುಂ, ದುಂ. ಅಷ್ಟರಲ್ಲಿ ನಂಜಪ್ಪನವರ ವೂಫರ್ ತಟ್ಟನೆ ನಿಂತಿತು. ಗೆದ್ದೆ! ದನಿ ಇನ್ನಷ್ಟು ಏರಿಸಿದೆ. ಎದುರು ಮನೆಯ ರೇಡಿಯೊ ಕೂಡ ನಿಂತಿತು. ಇಡೀ ಬೀದಿ ಶರಣಾಯಿತೆಂದು ಎದೆಯುಬ್ಬಿಸಿ ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಚೇತರಿಸಿಕೊಂಡು ಆಗಷ್ಟೇ ಎದ್ದಿದ್ದ ಅತ್ತೆಯೇ ಹೋಗಿ ತೆರೆದರು. ಹೊರಗೆ ನಂಜಪ್ಪನವರು, ಕೈಯಲ್ಲಿ ದಪ್ಪನೆಯ ಚೆಂಡುಹೂವಿನ ಹಾರ. ಅತ್ತೆಯನ್ನು ಕಂಡವರೇ ಹಿಂದಕ್ಕೆ ಸರಿದರು.

"ಅವ್ವಾ, ನೀವು ಇದ್ದೀರಾ? ತಮಟೆ ಸದ್ದು ಕೇಳ್ತು. ನೀವೇ ಓಗ್ಬುಟ್ರಿ ಅನ್ಕಂಡು ಟೇಪು ನಿಲ್ಸಿ ಬಂದೆ..."

ನಾಚಿಕೆಯಿಂದ ನಾನು ಕುಗ್ಗಿಹೋದೆ. ಅತ್ತೆ ಮಾತ್ರ ಹಾರ ಇಸಿದುಕೊಂಡು ಒಳಗೆ ಬಂದು ಗುಡಾಣದ ಕುತ್ತಿಗೆಗೆ ಹಾಕಿದರು. "ನಮ್ಮಳಿಯಂದ್ರ ಮರ್ವಾದಿ ಇದ್ರೊಳಗಿತ್ತು ಕನಪ್ಪ. ಈಗ್ ತಾನೆ ಓಯ್ತು" ಎಂದರು.

ವೂಫರಿಗೆ ಯಾವ ಪೆಟ್ಟಿಗೆ ಒಳ್ಳೆಯದೆಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಮುಚ್ಚಿದ್ದೋ ತೂತಿನದೋ ಎಂದು ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ಒಂದು ಹಾರ ಹಾಕಿ ನೋಡಿ, ಒಪ್ಪಿದರೆ ಕೊಳ್ಳಿ ಎನ್ನುತ್ತೇನೆ.