ದಿಕ್ಕು ತಿರುಗಿದ ಬೆಂಚುಗಳು

ಸರಸಕ್ಕನ ಹತ್ತಿರ ಅಲಂಕಾರದ ಮಾತು ಆಡಬಾರದು. "ನನ್ನ ತಲೆ ತಿನ್ನಬೇಡಿ" ಎಂದರೆ "ನಾನು ಯಾವಾಗ ತಿಂದೆ?" ಎಂದು ಕೇಳುವ ಹೆಂಗಸು. ಮೂಲ್ಕಿಯಿಂದ ಮದುವೆಯಾಗಿ ಚೆನ್ನೈಗೆ ಬಂದು ನಲವತ್ತೊಂದು ವರ್ಷವಾಯಿತು. ಇಲ್ಲಿನ ಮಣಲಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗಂಡ ತೀರಿಕೊಂಡರು. ಈಗ ವೇಲಚೇರಿಯಲ್ಲಿ ಒಂದು ಕೋಣೆಯ ಮನೆ, ಒಂದು ಕುಕ್ಕರ್, ಮತ್ತು ನಮ್ಮ ಕನ್ನಡ ಕ್ರೈಸ್ತ ಸಭೆ. ಸಭೆಯ ಬೀಗದ ಕೈ ಯಾವಾಗಲೂ ಅವರ ಸೆರಗಿನ ತುದಿಯಲ್ಲೇ.

ಸಭೆ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಪಾಸ್ಟರನ್ನು ಬಿಟ್ಟರೆ ಹದಿನಾಲ್ಕು ಜನ. ತಮಿಳು ಸಭೆಯವರ ಚರ್ಚಿನಲ್ಲಿ ಭಾನುವಾರ ಸಂಜೆ ನಾಲ್ಕರಿಂದ ಐದು ನಮ್ಮದು. ನೂರಿಪ್ಪತ್ತು ಜನ ಕೂರುವ ಜಾಗದಲ್ಲಿ ಎಲ್ಲರೂ ಬಾಗಿಲ ಪಕ್ಕದ ಕೊನೆಯ ಎರಡು ಬೆಂಚಿಗೆ ಅಂಟಿಕೊಂಡು, 'ಆಮೆನ್' ಎಂದ ಕೂಡಲೇ ಚಪ್ಪಲಿ ಹುಡುಕುವ ಭಕ್ತರು. ಕೀಬೋರ್ಡ್ ನುಡಿಸುವ ನಾನೊಬ್ಬಳೇ ಮುಂದೆ. ಅದೂ ಪ್ಲಗ್ ಪಾಯಿಂಟ್ ಅಲ್ಲಿರುವುದರಿಂದ.

ಒಂದು ಭಾನುವಾರ ತಮಿಳು ಸಭೆಯ ಸೆಕ್ರೆಟರಿ ಬಂದು ನಿಂತು ನೋಡಿದರು. ನಮ್ಮ ಹಾಡಿಗಿಂತ ಫ್ಯಾನಿನ ಸದ್ದೇ ಜೋರಾಗಿತ್ತು. ಈ ಒಂದು ಗಂಟೆ ನಮ್ಮ ಯುವಕರ ಬ್ಯಾಂಡಿಗೆ ಬೇಕಿತ್ತು, ನೀವು ಬೆಳಿಗ್ಗೆ ತಮಿಳು ಆರಾಧನೆಗೇ ಬಂದುಬಿಡಿ, ಮುಂದಿನ ವಾರ ತೀರ್ಮಾನ ಹೇಳುತ್ತೇನೆ ಎಂದರು. ನಯವಾಗಿಯೇ ಹೇಳಿದರು. ನಿಜ ಹೇಳುತ್ತೇನೆ, ನಮಗೇನೂ ಅಂಥ ದುಃಖವಾಗಲಿಲ್ಲ. ಭಾನುವಾರ ಸಂಜೆ ಮಾಲ್‌ಗೆ ಹೋಗಬಹುದಲ್ಲ! ಸರಸಕ್ಕ ಮಾತ್ರ ಅವತ್ತು ಊಟ ಬಿಟ್ಟರು.

ನಮ್ಮ ಪಾಸ್ಟರ್ ಮನೀಶ್ ಹೊಸಬರು. ಹೊಸ ಪಾಸ್ಟರುಗಳ ಹುರುಪು ಕಂಡರೆ ನನಗೆ ತಲೆನೋವು. ಸೆಕ್ರೆಟರಿ ಅತ್ತ ಹೋದದ್ದೇ ತಡ, ಇವರು ಮೇಜು ಗುದ್ದಿ, "ಈ ಸಭೆಗೆ ಹೊಸ ಜೀವ ಬರಬೇಕು! ನಾವು ಹೊಸ ದಿಕ್ಕಿಗೆ ತಿರುಗಬೇಕು! ಬರುವ ಭಾನುವಾರದೊಳಗೆ ತಿರುಗಲೇಬೇಕು!" ಎಂದು ಗುಡುಗಿದರು. ನಾವು ತಲೆಯಾಡಿಸಿ ಮನೆಗೆ ಹೋದೆವು. ಸರಸಕ್ಕ ಕೆಲಸಕ್ಕೆ ಇಳಿದರು.

ಶನಿವಾರ ಮಧ್ಯಾಹ್ನ ಅವರು ಹರಿದಾಸನನ್ನು ಕರೆಸಿದರು. ಮೈಲಾಪೂರಿನ ಹೋಟೆಲಿನಲ್ಲಿ ಅಡುಗೆಯವನು, ಅವರ ಊರಿನವನೇ, ಹಣೆಯ ತುಂಬ ಗೋಪಿಚಂದನ. ಇಬ್ಬರೂ ಸೇರಿ ಇಪ್ಪತ್ತು ಬೆಂಚುಗಳನ್ನೂ ಬಾಗಿಲ ಕಡೆಗೆ ಮುಖ ಮಾಡಿ ತಿರುಗಿಸಿಟ್ಟರು.

"ಇದೆಂತಕ್ಕೆ ಅಕ್ಕಾ?" ಎಂದು ಹರಿದಾಸ ಕೇಳಿದನಂತೆ.

"ಪಾಸ್ಟರ್ ಹೇಳಿದ್ದು ಮಾರಾಯ. ದಿಕ್ಕು ತಿರುಗಿದ್ರೆ ಜೀವ ಬರ್ತದಂತೆ."

ವಾಸ್ತುವಿನ ವಿಷಯ ಇರಬೇಕೆಂದು ಅವನೂ ಮರುಮಾತಾಡದೆ ಎತ್ತಿದ.

ಭಾನುವಾರ ಜನ ಅಭ್ಯಾಸಬಲದಿಂದ ಬಾಗಿಲ ಪಕ್ಕದ ಬೆಂಚಿಗೇ ಹೋಗಿ ಕುಳಿತರು. ಕುಳಿತ ಮೇಲೆ ಗೊತ್ತಾಯಿತು, ಈಗ ಅದೇ ಮೊದಲನೆಯ ಸಾಲು. ಪಾಸ್ಟರ್ ಎಲ್ಲರ ಹಿಂದೆ. ನಾನು ಹನ್ನೆರಡು ಬೆನ್ನುಗಳಿಗೆ ಕೀಬೋರ್ಡ್ ನುಡಿಸಿದೆ. ಬೇರೆ ದಾರಿ ಕಾಣದೆ ಪಾಸ್ಟರ್ ಬೈಬಲ್ ಹಿಡಿದು ಬಾಗಿಲಿಗೆ ನಡೆದು ಹೊಸ್ತಿಲ ಮೇಲೆ ನಿಂತರು. ಅವರು "ಪ್ರಿಯರೇ" ಎಂದಾಗಲೆಲ್ಲ ಬೀದಿಯಿಂದ ಆಟೋ ಹಾರನ್. ಯಾವಾಗಲೂ ಇಪ್ಪತ್ತು ನಿಮಿಷ ತಡವಾಗಿ ಬರುವ ಮೋಹನ್ ಹೆಲ್ಮೆಟ್ ಸಮೇತ ಒಳಗೆ ಕಾಲಿಟ್ಟರೆ, ಎದುರಿಗೆ ಇಡೀ ಸಭೆ ಎದ್ದು ನಿಂತು ಹಾಡುತ್ತಿದೆ. ಅವನು ಗಾಬರಿಯಾಗಿ ಕೈಮುಗಿದು "ಥ್ಯಾಂಕ್ಸ್" ಎಂದ. ನಗು ಮುಚ್ಚಿಕೊಳ್ಳಲು ಎಲ್ಲರೂ ಗಂಟಲು ಹರಿಯುವಂತೆ ಹಾಡಿದೆವು.

ಆ ಗದ್ದಲಕ್ಕೆ ಸರಿಯಾಗಿ ಸೆಕ್ರೆಟರಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಬೆಂಚುಗಳನ್ನು ಒಂದೊಂದಾಗಿ ಎಣಿಸುವಂತೆ ನೋಡಿದರು. ಪಾಸ್ಟರ್ ಬೆವರಿದರು. ಸರಸಕ್ಕ ಎದ್ದು, ತಿರುಗಿಸಿದ್ದು ನಾನೇ ಎಂದು ತಮಿಳಿನಲ್ಲಿ ಒಪ್ಪಿಕೊಂಡರು.

"ಇಷ್ಟು ಚೆನ್ನಾಗಿ ತಮಿಳು ಬರುತ್ತದಲ್ಲಮ್ಮ, ನಮ್ಮ ಜೊತೆಗೇ ಸೇರಬಹುದಲ್ಲ?" ಎಂದು ಸೆಕ್ರೆಟರಿ ತಮಿಳಿನಲ್ಲೇ ಕೇಳಿದರು.

ಸರಸಕ್ಕ ತಮಿಳಿನಲ್ಲಿ ಶುರು ಮಾಡಿ ಕನ್ನಡಕ್ಕೆ ಜಾರಿದರು. "ತಮಿಳಲ್ಲಿ ಮೀನ್ ವಾಂಗುವೇನ್ ಸಾರ್, ಆಟೋದವನ ಹತ್ರ ಶಂಡೆ ಪೋಡುವೇನ್. ಮೀನು ಕೊಳ್ಳಲಿಕ್ಕೆ, ಜಗಳ ಮಾಡ್ಲಿಕ್ಕೆ ತಮಿಳು ಸಾಕು. ಆದ್ರೆ ದೇವರ ಮುಂದೆ ಅಳ್ಲಿಕ್ಕೆ ಬರುವುದಿಲ್ಲ. ನನ್ನಮ್ಮ ಪ್ರಾರ್ಥನೆ ಕಲಿಸಿದ್ದು ಕನ್ನಡದಲ್ಲಿ. ನಮ್ಮವರು ತೀರಿಹೋದ ದಿನ ತಮಿಳಲ್ಲಿ ಪ್ರಾರ್ಥನೆ ಮಾಡಿದ್ರು, ಒಂದು ಹನಿ ಕಣ್ಣೀರು ಬರಲಿಲ್ಲ. ಮರು ಭಾನುವಾರ ಇಲ್ಲಿ ಬಂದ ಮೇಲೆಯೇ ಅತ್ತದ್ದು ನಾನು."

ಮಾಲ್‌ನ ಯೋಚನೆ ಮಾಡಿದ್ದ ನನಗೆ ನಾಚಿಕೆಯಾಯಿತು.

ಏನೂ ತೋಚದೆ ಪಾಸ್ಟರ್, "ಅಕ್ಕಾ, ನೀವೇ ಪ್ರಾರ್ಥನೆ ಮಾಡಿ" ಎಂದರು. ಇನ್ನೇನು ಬೇಕು, ಸರಸಕ್ಕ ಅಲ್ಲೇ ಕಣ್ಣು ಮುಚ್ಚಿದರು. ಒಳ್ಳೆಯ ಗಂಡನನ್ನು ಕೊಟ್ಟಿದ್ದಕ್ಕೆ ಕರ್ತನಿಗೆ ಸ್ತೋತ್ರ ಹೇಳಿದರು. ಕುಕ್ಕರಿನ ಹೊಸ ಗ್ಯಾಸ್ಕೆಟ್ಟಿಗೂ ಹೇಳಿದರು. ಬೆಂಚು ಎತ್ತಿದ ಹರಿದಾಸನ ಸೊಂಟ ಕಾಪಾಡೆಂದರು. ಅಷ್ಟರಲ್ಲಿ ಅಳು ಬಂತು. ಅಳುತ್ತಲೇ, "ಈ ಸೆಕ್ರೆಟರಿಯವರ ಮೊಣಕಾಲು ನೋವು ತೆಗಿ ಸ್ವಾಮಿ. ಪಾಪ, ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ ಅವರಿಗೆ" ಎಂದರು.

ತಮಿಳಿನ ಮುಳಂಗಾಲಿಗೂ ನಮ್ಮ ಮೊಣಕಾಲಿಗೂ ಅಷ್ಟೇನೂ ದೂರವಿಲ್ಲ. ಸೆಕ್ರೆಟರಿಗೆ ಅರ್ಥವಾಯಿತು. ಅವರು ಹೋಗಿ ಮೋಹನನ ಪಕ್ಕ ಕುಳಿತು, ಕನ್ನಡಕ ತೆಗೆದು ಸುಮಾರು ಹೊತ್ತು ಒರೆಸಿದರು. ಆಮೇಲೆ ಮೆಲ್ಲಗೆ, "ನಾಲು ಮಣಿ ಉಂಗಳುಕ್ಕುದಾನ್ ಅಮ್ಮಾ" ಎಂದರು. ನಾಲ್ಕು ಗಂಟೆ ನಿಮಗೇ ಎಂದು.

ಸರಸಕ್ಕನಿಗೆ ಅದು ಕೇಳಿಸಲಿಲ್ಲ. ಅವರ ಅಳು ಇನ್ನೂ ಮುಗಿದಿರಲಿಲ್ಲ, ನಾವ್ಯಾರೂ ತಡೆಯಲಿಲ್ಲ.